ಹೊಲದ ಏರಿ ಸೋರಿದಾಗ: ಖಾಸಗಿ ಮಣ್ಣಿನ ಏರಿಯ ಅಪಾಯದ ವರ್ಗ ಮತ್ತು ದೋಷ ಪತ್ತೆ

ಕಲಘಟಗಿ, ಶಿಗ್ಗಾಂವಿ, ಹಾನಗಲ್ಲ ಕಡೆ ಮಸಾರಿ (ಕೆಂಪು ಮಣ್ಣಿನ) ಭೂಮಿಯಲ್ಲಿ ಹಳ್ಳಕ್ಕೆ ಅಡ್ಡಲಾಗಿ ಹಾಕಿದ ಏರಿ, ನವಲಗುಂದ, ರೋಣ, ಗದಗ ಕಡೆ ಎರಿ (ಕಪ್ಪು ಮಣ್ಣಿನ) ಹೊಲದ ತಗ್ಗಿನಲ್ಲಿ ಕಟ್ಟಿದ ಏರಿ, ಈ ಎರಡಕ್ಕೂ ಈ ಕೈಪಿಡಿ ಅನ್ವಯಿಸುತ್ತದೆ. ಎತ್ತರ 3ರಿಂದ 9 ಮೀಟರ್, ಮಾಲೀಕರು ಒಬ್ಬ ರೈತರು, ಒಂದು ಕುಟುಂಬ ಅಥವಾ ಒಂದು ಸಂಸ್ಥೆ. ನೆಲ ತೋಡಿ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಕ್ಕೆ ಇದು ಬೇಡ. ಹೊಂಡದ ನೀರು ಬಹುಪಾಲು ನೆಲಮಟ್ಟಕ್ಕಿಂತ ಕೆಳಗೆ ಇರುತ್ತದೆ, ಸೋರಿದರೆ ನೀರು ಹೋಗುತ್ತದೆ ಅಷ್ಟೆ. ಏರಿಯ ನೀರು ನೆಲಮಟ್ಟಕ್ಕಿಂತ ಮೇಲೆ ನಿಂತಿರುತ್ತದೆ, ಒಡೆದರೆ ಅದು ಕೆಳಗಿನವರ ಮನೆಗೆ ಹೋಗುತ್ತದೆ.

ಏರಿಯಲ್ಲಿ ನೀರು ಜಿನುಗುವುದು ಕಂಡ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ, "ಏನು ಹಾಕಿ ಮುಚ್ಚಬೇಕು?" ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಏರಿಯ ಕೆಳಗೆ ಯಾರಿದ್ದಾರೆ? ಒಂದೇ ಅಳತೆಯ ಸೋರಿಕೆಗೆ ಒಂದು ಏರಿಯಲ್ಲಿ ಬೇಸಿಗೆವರೆಗೆ ಕಾಯಬಹುದು, ಇನ್ನೊಂದರಲ್ಲಿ ಅದೇ ರಾತ್ರಿ ಜನರನ್ನು ಎಬ್ಬಿಸಬೇಕಾಗುತ್ತದೆ. ಈ ವ್ಯತ್ಯಾಸವನ್ನೇ ಅಪಾಯದ ವರ್ಗ ಎನ್ನುವುದು. ಹಾಗಾಗಿ ದೋಷ ಹುಡುಕುವ ಕೆಲಸ ಏರಿಯ ಮೇಲಿಂದ ಅಲ್ಲ, ಏರಿಯ ಕೆಳಗಿನ ಹಳ್ಳದಿಂದ ಶುರುವಾಗಬೇಕು.

ವರ್ಗ ಗೊತ್ತುಮಾಡುವುದು

ಮೊದಲು ಕಾನೂನಿನ ಲೆಕ್ಕ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 2021ರ ಡಿಸೆಂಬರ್ 30ರಿಂದ ಜಾರಿಯಲ್ಲಿದೆ. 15 ಮೀಟರಿಗಿಂತ ಎತ್ತರದ ಎಲ್ಲ ಅಣೆಕಟ್ಟುಗಳೂ ಅದರ ವ್ಯಾಪ್ತಿಗೆ ಬರುತ್ತವೆ. 10ರಿಂದ 15 ಮೀಟರ್ ಎತ್ತರದವು ಬರಬೇಕಾದರೆ ಐದರಲ್ಲಿ ಒಂದಾದರೂ ಇರಬೇಕು: ಉದ್ದ 500 ಮೀಟರ್ ಅಥವಾ ಹೆಚ್ಚು, ಸಂಗ್ರಹ 10 ಲಕ್ಷ ಘನ ಮೀಟರ್ ಅಥವಾ ಹೆಚ್ಚು, ಗರಿಷ್ಠ ನೆರೆ ಸೆಕೆಂಡಿಗೆ 2,000 ಘನ ಮೀಟರ್ ಅಥವಾ ಹೆಚ್ಚು, ವಿಶೇಷ ತೊಡಕಿನ ತಳಪಾಯ, ಅಥವಾ ಸಾಮಾನ್ಯವಲ್ಲದ ವಿನ್ಯಾಸ. ಮಾಲೀಕರು ಖಾಸಗಿಯವರಾದರೂ ಇದು ತಪ್ಪುವುದಿಲ್ಲ. ಎತ್ತರ ಅಳೆಯುವಾಗ ಒಂದು ಎಚ್ಚರ ಬೇಕು. ಅಳತೆ ಹಳ್ಳದ ಈಗಿನ ತಳದಿಂದ ಅಲ್ಲ, ತಳಪಾಯದ ಸಾಮಾನ್ಯ ಹರವಿನ ಅತಿ ತಗ್ಗಿನ ಭಾಗದಿಂದ ಏರಿಯ ನೆತ್ತಿಯವರೆಗೆ. ಹೂಳು ತುಂಬಿದ ಹಳ್ಳದಲ್ಲಿ ಕಣ್ಣಿಗೆ 8.5 ಮೀಟರ್ ಕಾಣುವ ಏರಿ ಹೀಗೆ ಅಳೆದಾಗ 10 ಮೀಟರ್ ದಾಟಬಹುದು.

ನಮ್ಮ ಜಿಲ್ಲೆಗಳ ಹೆಚ್ಚಿನ ಸ್ವಂತ ಏರಿಗಳು 10 ಮೀಟರಿಗಿಂತ ಕಡಿಮೆ, ಅಂದರೆ ಕಾಯ್ದೆಯ ಹೊರಗೆ. ತಪ್ಪು ತಿಳಿವಳಿಕೆ ಹುಟ್ಟುವುದೇ ಇಲ್ಲಿ. "ಕಾಯ್ದೆಗೆ ಬರುವುದಿಲ್ಲ" ಎಂದರೆ "ಅಪಾಯ ಇಲ್ಲ" ಎಂದಲ್ಲ. ಚಿಕ್ಕದು, ದೊಡ್ಡದು ಎನ್ನುವುದು ಏರಿಯ ಅಳತೆ. ಅಪಾಯದ ವರ್ಗ ಅಳೆಯುವುದು ಏರಿ ಒಡೆದರೆ ಆಗುವ ಹಾನಿಯನ್ನು.

ಕೇಂದ್ರ ಜಲ ಆಯೋಗದ ಪದ್ಧತಿಯಲ್ಲಿ ಅಪಾಯದ ವರ್ಗಗಳು ನಾಲ್ಕು. 1ನೇ ವರ್ಗದಲ್ಲಿ ಹಾನಿ ಕಡಿಮೆ, 4ನೇ ವರ್ಗದಲ್ಲಿ ಅತಿ ಹೆಚ್ಚು. ಇದರ ಜೊತೆಗೆ ತಪಾಸಣಾ ವರದಿಗಳಲ್ಲಿ ಏರಿಯ ಸ್ಥಿತಿಗೆ ಇನ್ನೊಂದು ವಿಂಗಡಣೆ ಇರುತ್ತದೆ, ಅದು ಉಲ್ಟಾ. ಅಲ್ಲಿ 1ನೇ ದರ್ಜೆ ಎಂದರೆ ಏರಿ ಒಡೆಯುವ ಮಟ್ಟದ ದೋಷ, 2 ಎಂದರೆ ತಡಮಾಡದೆ ದುರಸ್ತಿ ಬೇಡುವ ದೊಡ್ಡ ದೋಷ, 3 ಎಂದರೆ ವರ್ಷದೊಳಗೆ ಸರಿಪಡಿಸಬಹುದಾದ ಸಣ್ಣ ದೋಷ. ಎರಡನ್ನೂ ಬೆರೆಸಿ ಓದಿದರೆ "1" ಎಂದು ಕಂಡು ನಿಶ್ಚಿಂತರಾಗುವ ಸಂಭವವಿದೆ. ವರದಿ ಕೈಗೆ ಬಂದಾಗ ಆ ಅಂಕಿ ಅಪಾಯದ್ದೋ ಸ್ಥಿತಿಯದ್ದೋ ಎಂದು ಕೇಳಿ ಬರೆದುಕೊಳ್ಳಿ. ಏರಿ ಎಷ್ಟೇ ಗಟ್ಟಿ ಇದ್ದರೂ ಅಪಾಯದ ವರ್ಗ ಕಡಿಮೆಯಾಗುವುದಿಲ್ಲ, ಏಕೆಂದರೆ ಕೆಳಗಿನ ಮನೆಗಳು ಅಲ್ಲೇ ಇರುತ್ತವೆ.

ಹೊಲದ ಏರಿಗೆ ಮೂರು ವರ್ಗ ಸಾಕು. ಒಡೆದ ನೀರು ನಿಮ್ಮದೇ ಹೊಲದಲ್ಲಿ ನಿಂತು ಹೋಗುವಂತಿದ್ದರೆ ಕಡಿಮೆ. ಬೇರೆಯವರ ಬೆಳೆ, ಪಂಪಿನ ಮನೆ, ಟ್ರಾನ್ಸ್‌ಫಾರ್ಮರ್, ದನದ ಕೊಟ್ಟಿಗೆ, ಹೊಲದ ದಾರಿ ಸಿಕ್ಕಿದರೆ ಮಧ್ಯಮ. ಜನ ಮಲಗುವ ಒಂದೇ ಒಂದು ಮನೆ, ಕೂಲಿಕಾರರ ಶೆಡ್, ಅಂಗನವಾಡಿ, ಬಸ್ಸು ಓಡಾಡುವ ಸೇತುವೆ ಇದ್ದರೆ ಹೆಚ್ಚು. ಒಂದು ಮನೆ ಸಾಕು, ಹತ್ತು ಬೇಕಿಲ್ಲ.

ಇದನ್ನು ನಡೆದೇ ನೋಡಬೇಕು. ಏರಿಯ ಬುಡದಿಂದ ಹಳ್ಳದ ಗುಂಟ, ಅದು ದೊಡ್ಡ ಹಳ್ಳ ಸೇರುವವರೆಗೆ ಅಥವಾ 3 ಕಿ.ಮೀ.ವರೆಗೆ ಹೋಗಿ. ಹಳ್ಳದ ತಳಕ್ಕಿಂತ 3 ಮೀಟರ್ ಎತ್ತರದೊಳಗೆ ಇರುವ ಪ್ರತಿ ಕಟ್ಟಡವನ್ನೂ ಗುರುತು ಹಾಕಿ, ರಾತ್ರಿ ಅಲ್ಲಿ ಯಾರು ಮಲಗುತ್ತಾರೆ ಎಂದು ವಿಚಾರಿಸಿ. ಹಗಲು ಖಾಲಿ ಕಾಣುವ ಶೆಡ್ಡಿನಲ್ಲಿ ಕಬ್ಬು ಕಡಿಯುವವರೋ ಇಟ್ಟಿಗೆ ಭಟ್ಟಿಯವರೋ ಮಕ್ಕಳ ಸಮೇತ ಮಲಗಿರಬಹುದು. ಹುಬ್ಬಳ್ಳಿ-ಧಾರವಾಡದ ಸುತ್ತ ಲೇಔಟ್‌ಗಳು ಹಳ್ಳದ ಅಂಚಿಗೆ ಬರುತ್ತಿವೆ. ಏರಿಯನ್ನು ಯಾರೂ ಮುಟ್ಟದಿದ್ದರೂ, ಕೆಳಗೆ ಮನೆ ಎದ್ದ ದಿನವೇ ನಿಮ್ಮ ಏರಿಯ ವರ್ಗ ಬದಲಾಗುತ್ತದೆ. ಈ ನಡಿಗೆ ವರ್ಷಕ್ಕೊಮ್ಮೆ ಆಗಲೇಬೇಕು.

ನೀರಿನ ಬಲದ ಅಂದಾಜಿಗೆ ಒಂದು ಲೆಕ್ಕ. ಸಂಗ್ರಹ = ನೀರಿನ ಹರವು × ಅತಿ ಆಳ × 0.4. ಎರಡೂವರೆ ಎಕರೆ, ಅಂದರೆ 10,000 ಚದರ ಮೀಟರ್ ಹರವು, ಏರಿಯ ಹತ್ತಿರ 5 ಮೀಟರ್ ಆಳ ಇದ್ದರೆ 20,000 ಘನ ಮೀಟರ್. ಇಂಥ ಏರಿ ಒಡೆದಾಗ ಬರುವ ಗರಿಷ್ಠ ಹರಿವಿಗೆ ರೂಢಿಯಲ್ಲಿರುವ ಸೂತ್ರ 0.607 × ಸಂಗ್ರಹದ 0.295 ಘಾತ × ಆಳದ 1.24 ಘಾತ. ಉತ್ತರ ಸೆಕೆಂಡಿಗೆ ಸುಮಾರು 80 ಘನ ಮೀಟರ್. 5,000 ಲೀಟರಿನ ಟ್ರ್ಯಾಕ್ಟರ್ ಟ್ಯಾಂಕರ್ ಲೆಕ್ಕದಲ್ಲಿ ಪ್ರತಿ ಸೆಕೆಂಡಿಗೆ 16 ಟ್ಯಾಂಕರ್. ಕೆರೆ ಖಾಲಿಯಾಗಲು ಹತ್ತು ನಿಮಿಷವೂ ಬೇಕಿಲ್ಲ. 2019ರ ಜುಲೈ 2ರ ರಾತ್ರಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆಯಲ್ಲಿ ಮಣ್ಣಿನ ಅಣೆಕಟ್ಟು ಒಡೆದಾಗ ಕೆಳಗಿನ ಮನೆಗಳ ಜನರಿಗೆ ಹೊರಬರಲು ಸಮಯವೇ ಸಿಗಲಿಲ್ಲ. ಅದು ಇದಕ್ಕಿಂತ ಬಹಳ ದೊಡ್ಡ ಕೆರೆ, ಆದರೆ ಮಣ್ಣು ಒಡೆಯುವ ರೀತಿ ಒಂದೇ.

ಹೊರಮೈಯಲ್ಲಿ ತೇವ ಅಥವಾ ಸೋರಿಕೆ

ಮಣ್ಣಿನ ಏರಿ ಅಂದರೆ ನೀರು ಬಸಿಯುವುದು ಸಹಜ. ಬಸಿ ನೀರು ಮಣ್ಣನ್ನು ಹೊತ್ತು ತರುತ್ತಿದೆಯೇ ಎನ್ನುವುದೇ ಮುಖ್ಯ. ಪತ್ತೆ ಈ ಕ್ರಮದಲ್ಲಿ ಆಗಲಿ.

ಮೊದಲು ಇದು ಮಳೆಯ ತೇವವೋ ಕೆರೆಯ ನೀರೋ ನೋಡಿ. ನಾಲ್ಕೈದು ದಿನ ಮಳೆ ಇಲ್ಲದೆ ಬಿಸಿಲು ಬಿದ್ದ ಮೇಲೂ ತೇವ ಆರದಿದ್ದರೆ ಅದು ಕೆರೆಯ ನೀರು. ಗಿಡಗಳೂ ಹೇಳುತ್ತವೆ: ಮಾರ್ಚ್ ತಿಂಗಳಲ್ಲಿ ಸುತ್ತಲಿನ ಹುಲ್ಲು ಒಣಗಿ ಏರಿಯ ಹೊರಮೈಯ ಒಂದು ತುಣುಕಿನಲ್ಲಿ ಮಾತ್ರ ಜೇಕು ಹಸಿರಾಗಿದ್ದರೆ, ಅಲ್ಲಿ ಒಳಗೆ ನೀರಿನ ದಾರಿ ಇದೆ. ತೇವ ಬುಡದಲ್ಲಿದ್ದರೆ ಒಂದು ಮಾತು. ಏರಿಯ ಎತ್ತರದ ಮೂರನೇ ಒಂದು ಭಾಗಕ್ಕಿಂತ ಮೇಲೆ ಕಂಡರೆ ಬಸಿ ಗೆರೆ (ಏರಿಯೊಳಗೆ ಬಸಿ ನೀರು ನಿಂತ ಮಟ್ಟ) ತೀರ ಮೇಲೆ ಇದೆ ಎಂದರ್ಥ, ಹೊರಮೈ ಜಾರುವ ಸಾಧ್ಯತೆ ಹೆಚ್ಚು.

ಎರಡನೆಯದು, ನೀರನ್ನು ಬಿಳಿ ಗಾಜಿನ ಬಾಟಲಿಯಲ್ಲಿ ಹಿಡಿದು ಒಂದು ತಾಸು ಅಲ್ಲಾಡಿಸದೆ ಇಡಿ. ತಳದಲ್ಲಿ ಮಣ್ಣಿನ ಪದರ ಕೂತರೆ ಏರಿ ಒಳಗಿನಿಂದ ಸವೆಯುತ್ತಿದೆ. ಹರಿಯುವಾಗ ತಿಳಿಯಾಗಿ ಕಂಡ ನೀರಿನಲ್ಲೂ ಬಾಟಲಿಯ ತಳದಲ್ಲಿ ಮಣ್ಣು ಸಿಗುವುದುಂಟು, ಆದ್ದರಿಂದ ಕಣ್ಣಂದಾಜು ನಂಬಬೇಡಿ.

ಮೂರನೆಯದು ಅಳತೆ. ಬುಡದಲ್ಲಿ ಸಣ್ಣ ಕಾಲುವೆ ತೆಗೆದು ಸೋರಿಕೆಯನ್ನೆಲ್ಲ ಒಂದು ಪೈಪಿಗೆ ತನ್ನಿ. 10 ಲೀಟರಿನ ಬಕೆಟ್ 20 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ ಅರ್ಧ ಲೀಟರ್. ಹರಿವು ಹೆಚ್ಚಿದ್ದರೆ ತಗಡಿನಲ್ಲಿ 90 ಡಿಗ್ರಿಯ ವಿ ಆಕಾರದ ಕಚ್ಚು ಕೊರೆದು ಅಡ್ಡ ನಿಲ್ಲಿಸಿ. ಕಚ್ಚಿನ ಮೂಲೆಯಿಂದ ನೀರು 5 ಸೆಂ.ಮೀ ಎತ್ತರ ಹರಿದರೆ ಸೆಕೆಂಡಿಗೆ ಸುಮಾರು 0.8 ಲೀಟರ್, 10 ಸೆಂ.ಮೀ ಹರಿದರೆ 4.4 ಲೀಟರ್. ಎತ್ತರವನ್ನು ಕಚ್ಚಿನ ಬಾಯಲ್ಲಿ ಅಳೆಯಬಾರದು, ನೀರು ಅಲ್ಲಿ ಬಾಗಿ ತಗ್ಗಿರುತ್ತದೆ. ಎರಡಡಿ ಹಿಂದೆ ಅಳೆಯಿರಿ. ಅದೇ ಹೊತ್ತಿಗೆ ಕೆರೆಯ ನೀರಿನ ಮಟ್ಟವನ್ನೂ, ಹಿಂದಿನ ದಿನದ ಮಳೆಯನ್ನೂ ಬರೆಯಿರಿ. ಈ ಮೂರನ್ನು ಒಟ್ಟಿಗೆ ಬರೆದರೇ ಪ್ರಯೋಜನ. ಮಟ್ಟ ಏರಿದಾಗ ಸೋರಿಕೆ ಏರಿ, ಇಳಿದಾಗ ಇಳಿದರೆ ಏರಿ ಸ್ಥಿರವಾಗಿದೆ. ಮಟ್ಟ ಅಷ್ಟೇ ಇದ್ದು ಸೋರಿಕೆ ವಾರದಿಂದ ವಾರಕ್ಕೆ ಹೆಚ್ಚಿದರೆ ಒಳಗೆ ಕೊಳವೆ ಬೆಳೆಯುತ್ತಿದೆ. ಸೋರಿಕೆ ಇದ್ದಕ್ಕಿದ್ದಂತೆ ನಿಂತರೂ ನೆಮ್ಮದಿ ಬೇಡ, ಒಳಗೆ ಮಣ್ಣು ಕುಸಿದು ದಾರಿ ತಾತ್ಕಾಲಿಕವಾಗಿ ಮುಚ್ಚಿರಬಹುದು. ಆಗ ನೆತ್ತಿಯ ಮೇಲೆ, ಒಳಮೈಯಲ್ಲಿ ಹೊಸ ತೆಗ್ಗು ಬಿದ್ದಿದೆಯೇ ಹುಡುಕಿ.

ಈಗ ಚಿಕಿತ್ಸೆ. ಹೊರಗಿನಿಂದ ಎರಿ ಮಣ್ಣು, ಸಿಮೆಂಟು, ತಾಡಪತ್ರಿ ಹಾಕಿ ಸೋರಿಕೆ ಮುಚ್ಚುವುದು ಎಲ್ಲರೂ ಮಾಡುವ, ಎಲ್ಲಕ್ಕಿಂತ ಕೆಟ್ಟ ತಪ್ಪು. ಬಾಯಿ ಕಟ್ಟಿದ ನೀರು ಒಳಗೆ ಒತ್ತಡ ಹೆಚ್ಚಿಸಿ ಪಕ್ಕದ ಮಣ್ಣನ್ನು ಎಬ್ಬಿಸಿಕೊಂಡು ಬರುತ್ತದೆ. ಹೊರಗೆ ಮಾಡಬೇಕಾದದ್ದು ನೀರನ್ನು ಬಿಟ್ಟು ಮಣ್ಣನ್ನು ಹಿಡಿಯುವ ಸೋಸು ಪದರ: ಮೊದಲು 15 ಸೆಂ.ಮೀ ತೊಳೆದ ಉಸುಕು, ಅದರ ಮೇಲೆ 15 ಸೆಂ.ಮೀ ಸಣ್ಣ ಕಡಿ, ಮೇಲೆ ತೂಕಕ್ಕೆ 30 ಸೆಂ.ಮೀ ದಪ್ಪ ಕಲ್ಲು. ಈ ಕ್ರಮ ತಲೆಕೆಳಗಾಗಬಾರದು. ಕಡಿಯನ್ನೇ ನೇರ ಹಾಕಿದರೆ ಅದರ ಸಂದಿಯಲ್ಲಿ ಮಣ್ಣು ನುಸುಳಿ ಹೋಗುತ್ತದೆ. ಹಿಟ್ಟಿನಂಥ ಪುಡಿ ಬೆರೆತ ಎಂ-ಸ್ಯಾಂಡ್ ಹಾಕಿದರೆ ಪದರವೇ ಕಟ್ಟಿಕೊಳ್ಳುತ್ತದೆ. ಒಂದು ಬೊಗಸೆ ಉಸುಕನ್ನು ನೀರಿನಲ್ಲಿ ಕಲಕಿ, ನೀರು ಹಾಲಿನಂತಾದರೆ ತೊಳೆಯದೆ ಬಳಸಬೇಡಿ.

ಬುಡದ ಆಚೆ ನೆಲದಿಂದ ನೀರು ಬುಗ್ಗೆಯಾಗಿ ಎದ್ದು ಸುತ್ತ ಉಸುಕಿನ ಉಂಗುರ ಕಟ್ಟುತ್ತಿದ್ದರೆ ಉಸುಕಿನ ಚೀಲಗಳಿಂದ ಅದರ ಸುತ್ತ ಬಾವಿಯಂತೆ ಕಟ್ಟೆ ಕಟ್ಟಿ. ಒಳಗೆ ನೀರು ನಿಂತು ಮಣ್ಣು ಬರುವುದು ನಿಂತ ಎತ್ತರಕ್ಕೆ ಕಟ್ಟೆ ನಿಲ್ಲಿಸಿ, ತಿಳಿನೀರು ಪೈಪಿನಲ್ಲಿ ಹೊರಹೋಗಲಿ. ಬುಗ್ಗೆಯನ್ನು ಪೂರ್ತಿ ಮುಚ್ಚಿದರೆ ಅದು ಬೇರೆ ಕಡೆ ಏಳುತ್ತದೆ.

ಸೋರಿಕೆಯನ್ನು ನಿಜವಾಗಿ ತಡೆಯುವ ಕೆಲಸ ಒಳಮೈಯದ್ದು, ನೀರು ಇಳಿದ ಮೇಲೆ ಬೇಸಿಗೆಯಲ್ಲಿ. ನೀರು ಒಳಗೆ ಎಲ್ಲಿ ಹೊಗುತ್ತದೆ ಎಂದು ಪತ್ತೆ ಮಾಡಲು ಮೀನು ಸಾಕುವವರ ಬಳಿ ಇರುವ ಪೊಟ್ಯಾಸಿಯಂ ಪರ್ಮಾಂಗನೇಟನ್ನು ಸಂಶಯದ ಜಾಗದಲ್ಲಿ ಬಟ್ಟೆಯಲ್ಲಿ ಕಟ್ಟಿ ಕೋಲಿನಿಂದ ಇಳಿಸಿ, ಹೊರಗೆ ಗುಲಾಬಿ ಬಣ್ಣ ಬರುವುದನ್ನು ಕಾಯಿರಿ. ಮೀನಿದ್ದ ಕೆರೆಯಲ್ಲಿ ಚಿಟಿಕೆಯಷ್ಟೇ ಸಾಕು. ಬಣ್ಣ ಕೆಲವೇ ನಿಮಿಷಗಳಲ್ಲಿ ಬಂದರೆ ಅದು ಬಸಿ ಅಲ್ಲ, ತೆರೆದ ಕೊಳವೆ.

ಬಾಟಲಿಯಲ್ಲಿ ಮಣ್ಣು ಕೂರದೆ ನೀರು ದಿನಗಟ್ಟಲೆ ಕದಡಿಯೇ ಉಳಿದರೆ ಮಣ್ಣಿನದೇ ದೋಷ ಇರಬಹುದು. ಸವಳು ಭೂಮಿಯ ಎರಿ ಮಣ್ಣಿನಲ್ಲಿ ಸೋಡಿಯಂ ಹೆಚ್ಚಿದ್ದರೆ ಅದು ನೀರಿನಲ್ಲಿ ತಾನಾಗಿ ಕರಗಿ ತೇಲುತ್ತದೆ. ಪರೀಕ್ಷೆ ಸುಲಭ: ಕಡಲೆಕಾಳಿನ ಗಾತ್ರದ ಮಣ್ಣಿನ ಹರಳನ್ನು ಗಾಜಿನ ಲೋಟದ ನೀರಿಗೆ ಮೆಲ್ಲಗೆ ಬಿಡಿ. ಹತ್ತು ನಿಮಿಷದಲ್ಲಿ ಹರಳಿನ ಸುತ್ತ ಹೊಗೆಯಂತೆ ಮಸುಕು ಎದ್ದರೆ ಅದು ಕರಗುವ ಜೇಡಿ. ಹರಳು ಕುಸಿದು ಗುಡ್ಡೆಯಾಗಿ ನೀರು ತಿಳಿಯಾಗಿಯೇ ಇದ್ದರೆ ತೊಂದರೆಯಿಲ್ಲ. ಬೋರ್‌ವೆಲ್ ನೀರು ಬಳಸಬಾರದು, ಅದರ ಉಪ್ಪುಗಳು ಮಣ್ಣನ್ನು ಹಿಡಿದಿಟ್ಟು ಸುಳ್ಳು ಫಲಿತಾಂಶ ಕೊಡುತ್ತವೆ. ಹಿಡಿದಿಟ್ಟ ಮಳೆನೀರು ಅಥವಾ ಬ್ಯಾಟರಿಗೆ ಹಾಕುವ ನೀರು ಬೇಕು. ಫಲಿತಾಂಶ ಕೆಟ್ಟದಾಗಿ ಬಂದರೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದಂಥ ಕಡೆ ಮಣ್ಣು ಪರೀಕ್ಷೆ ಮಾಡಿಸಿ, ಆ ಮಣ್ಣಿನಿಂದ ದುರಸ್ತಿ ಮಾಡುವುದನ್ನು ಬಿಡಿ. ಎರಿ ಭೂಮಿಯ ಏರಿಗೆ ಸೋಸು ಪದರ ಬೇಕೇ ಬೇಕು ಎಂದು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ತೂಬಿನ ಪೈಪಿನ ಸುತ್ತ ಸೋರಿಕೆ

ಪೈಪು ಏರಿಯನ್ನು ಸೀಳಿ ಹೋಗುವ ಜಾಗ ಸಣ್ಣ ಏರಿಗಳ ಅತಿ ದುರ್ಬಲ ಭಾಗ. ದುಂಡನೆಯ ಪೈಪಿನ ಕೆಳ ಪಕ್ಕದಲ್ಲಿ ದಮ್ಮಸು (ಮಣ್ಣನ್ನು ಒತ್ತಿ ಗಟ್ಟಿ ಮಾಡುವುದು) ಹೋಗುವುದೇ ಇಲ್ಲ, ಅಲ್ಲಿ ಮಣ್ಣು ಸಡಿಲ ಉಳಿಯುತ್ತದೆ.

ಒಳಬದಿಯ ಬಾಯಿ ಮುಚ್ಚಿ ಹೊರಗೆ ನೋಡಿ. ಪೈಪಿನೊಳಗಿಂದ ತಿಳಿನೀರು ತೊಟ್ಟಿಕ್ಕಿದರೆ ಮುಚ್ಚಳದ ರಬ್ಬರ್ ಹೋಗಿದೆ, ಬೇಸಿಗೆಯಲ್ಲಿ ಬದಲಿಸಬಹುದು. ಪೈಪಿನೊಳಗಿಂದಲೇ ಕೆಂಪು ಅಥವಾ ಕಪ್ಪು ನೀರು ಬಂದರೆ ಏರಿಯ ನಡುವೆ ಜೋಡಣೆ ಬಿಟ್ಟಿದೆ, ಮಣ್ಣು ಒಳಗೆ ಬೀಳುತ್ತಿದೆ. ಪೈಪಿನ ಹೊರಸುತ್ತಿನಿಂದ ನೀರು ಬಂದರೆ ಇನ್ನೂ ಕೆಟ್ಟದ್ದು. ಈ ಎರಡೂ ಪ್ರಸಂಗಗಳಲ್ಲಿ ಪೈಪಿನ ನೇರಕ್ಕೆ ಏರಿಯ ಮೇಲೆ ನಡೆದು ತೆಗ್ಗು ಹುಡುಕಿ. ಒಂದಡಿ ಅಗಲದ ತೆಗ್ಗು ಕಂಡರೂ ನೀರು ಇಳಿಸಲು ಶುರುಮಾಡಿ.

ವಾಲ್ವ್ ಹೊರಬದಿಯಲ್ಲಷ್ಟೇ ಇದ್ದರೆ ಅದು ವಿನ್ಯಾಸದ ದೋಷ. ವಾಲ್ವ್ ಮುಚ್ಚಿದಾಗೆಲ್ಲ ಏರಿಯೊಳಗಿನ ಪೂರ್ತಿ ಪೈಪು ಒತ್ತಡದಲ್ಲಿ ನಿಂತಿರುತ್ತದೆ. ಮುಚ್ಚಳ ಒಳಬದಿಯಲ್ಲಿ ಬೇಕು. ಪೈಪು ಹೊಸದಾಗಿ ಹಾಕುವಾಗ ಸುತ್ತ ಕಾಂಕ್ರೀಟಿನ ಕಾಲರ್ ಕಟ್ಟುವುದು ಹಳೆಯ ರೂಢಿ. ಕಾಲರಿನ ಮಗ್ಗುಲಿಗೂ ದಮ್ಮಸು ಕೂರುವುದಿಲ್ಲವಾದ್ದರಿಂದ ಈಗ ಹೊರಬದಿಯ ಮೂರನೇ ಒಂದು ಭಾಗದಲ್ಲಿ ಪೈಪಿನ ಸುತ್ತಲೂ ಉಸುಕಿನ ಸೋಸು ಗೋಡೆ ಕೊಡುತ್ತಾರೆ. ಅದೇ ಒಳ್ಳೆಯದು.

ಬಿರುಕುಗಳು

ಬಿರುಕು ಕಂಡರೆ ಮೊದಲು ಅದರ ದಿಕ್ಕು ನೋಡಿ. ಜೇನುಗೂಡಿನಂತೆ ಹರಡಿದ ಬಿರುಕು ಎರಿ ಮಣ್ಣು ಒಣಗಿ ಆದದ್ದು. ಏರಿಯ ಉದ್ದಕ್ಕೆ ಕಮಾನಿನಂತೆ ಬಾಗಿ, ಒಂದು ಮಗ್ಗುಲು ಇನ್ನೊಂದಕ್ಕಿಂತ ತಗ್ಗಿದ್ದರೆ ಅದು ಜಾರಿಕೆ. ಏರಿಯನ್ನು ಅಡ್ಡಲಾಗಿ, ಒಳಮೈಯಿಂದ ಹೊರಮೈಗೆ ದಾಟುವ ಬಿರುಕು ಎಲ್ಲಕ್ಕಿಂತ ಅಪಾಯಕಾರಿ, ಏಕೆಂದರೆ ಅದು ನೀರಿಗೆ ನೇರ ದಾರಿ. ಹಳ್ಳದ ಆಳದ ಭಾಗ ಹೆಚ್ಚು ಕೂತು ದಂಡೆಯ ಭಾಗ ಕೂರದಿದ್ದಾಗ ಇದು ಬರುತ್ತದೆ, ಸಾಮಾನ್ಯವಾಗಿ ಎರಡೂ ತುದಿಗಳ ಹತ್ತಿರ.

ಒಣಗಿದ ಬಿರುಕೂ ನಿರುಪದ್ರವಿ ಅಲ್ಲ. ಏಪ್ರಿಲ್-ಮೇ ಬಿಸಿಲಿಗೆ ಎರಿ ಮಣ್ಣು ಒಂದು ಮೀಟರಿಗೂ ಆಳ ಸೀಳುತ್ತದೆ. ಒಂದೇ ರಾತ್ರಿಯ ದೊಡ್ಡ ಮಳೆಗೆ ಕೆರೆ ತುಂಬಿದರೆ ಮಣ್ಣು ಉಬ್ಬಿ ಬಿರುಕು ಮುಚ್ಚುವ ಮೊದಲೇ ನೀರು ಅದರೊಳಗೆ ಹರಿಯುತ್ತದೆ. ಆಳ ಪತ್ತೆಗೆ ತೆಳುವಾಗಿ ಕಲಸಿದ ಸುಣ್ಣದ ನೀರನ್ನು ಬಿರುಕಿಗೆ ಸುರಿದು ಒಂದು ದಿನ ಬಿಟ್ಟು ಅಡ್ಡಲಾಗಿ ಅಗೆಯಿರಿ, ಬಿಳಿ ಗೆರೆ ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಬಿರುಕು ಮುಗಿಯಿತು. ಅದಕ್ಕಿಂತ 30 ಸೆಂ.ಮೀ ಕೆಳಗಿನವರೆಗೆ, 60 ಸೆಂ.ಮೀ ಅಗಲದ ಗುಂಡಿ ತೋಡಿ ಹೊಸ ಮಣ್ಣನ್ನು 15 ಸೆಂ.ಮೀ ಪದರಗಳಲ್ಲಿ ದಮ್ಮಸು ಹಾಕುತ್ತ ತುಂಬಿ. ಬಿರುಕಿನ ಬಾಯಿಗೆ ಮಣ್ಣು ಎಳೆದು ಮುಚ್ಚಿದರೆ ಅದು ಮರೆಯಾಗುತ್ತದೆ, ಹೋಗುವುದಿಲ್ಲ.

ಹಸಿ ಸರಿಯಿದೆಯೇ ಎಂದು ಅಂಗೈಯಲ್ಲಿ ನೋಡಬಹುದು. ಮಣ್ಣನ್ನು ಹೊಸೆದು ಶಾವಿಗೆಯಂತೆ ಮಾಡಿ. 3 ಮಿ.ಮೀ ದಪ್ಪಕ್ಕೆ ಬಂದಾಗ ತುಂಡಾಗತೊಡಗಿದರೆ ಸರಿ. ಇನ್ನೂ ಸಣ್ಣಗೆ ಹೊಸೆಯಲು ಬಂದರೆ ಹಸಿ ಹೆಚ್ಚು, ಪೆನ್ಸಿಲ್ ದಪ್ಪದಲ್ಲೇ ಮುರಿದರೆ ಕಡಿಮೆ. ಜೆಸಿಬಿಯ ಬಕೆಟ್ಟಿನಿಂದ ಬಡಿಯುವುದು ದಮ್ಮಸು ಅಲ್ಲ. ರಸ್ತೆಗೆ ಓಡಿಸುವ ನಯವಾದ ರೋಲರ್ ಕೂಡ ಜೇಡಿಯ ಮೇಲ್ಪದರ ಮಾತ್ರ ಒತ್ತುತ್ತದೆ. ಇಲ್ಲಿಗೆ ಕುರಿಪಾದದಂಥ ಗುಬುಟಿರುವ ಶೀಪ್‌ಫುಟ್ ರೋಲರ್ ಬೇಕು. ಬಿರುಕು ಮರಳದಿರಲು ನೆತ್ತಿಯ ಮೇಲೂ ಹೊರಮೈಗೂ 60 ಸೆಂ.ಮೀ ಗರಸಿನ ಹೊದಿಕೆ ಕೊಡಿ, ಎರಿ ಮಣ್ಣು ಬಿಸಿಲು ಕಾಣಬಾರದು.

ಜಾರಿಕೆಯ ಬಿರುಕಿಗೆ ಸುಣ್ಣದ ನೀರು, ಮಣ್ಣು, ಯಂತ್ರ ಯಾವುದೂ ಹೋಗಬಾರದು. ಮೇಲೆ ಭಾರ ಬಿದ್ದಷ್ಟೂ ಜಾರುತ್ತದೆ. ಎರಡೂ ಮಗ್ಗುಲಿಗೆ ಗೂಟ ಹೊಡೆದು ದಿನಕ್ಕೆರಡು ಸಲ ಅಂತರ ಅಳೆಯಿರಿ. ಹೊರಮೈ ಜಾರುತ್ತಿದ್ದರೆ ಕೆರೆಯ ನೀರು ಇಳಿಸಿ, ಬುಡಕ್ಕೆ ಸೋಸು ಪದರದ ಮೇಲೆ ಕಲ್ಲಿನ ಭಾರ ಕೊಡಿ. ಒಳಮೈ ಜಾರಿದ್ದರೆ ಹೆಚ್ಚಾಗಿ ಕಾರಣ ನೀವೇ ವೇಗವಾಗಿ ನೀರು ಎತ್ತಿದ್ದು. ಹಸಿ ಜೇಡಿಗೆ ಆಸರೆಯಾಗಿದ್ದ ನೀರು ಹೋಯಿತು, ಜೇಡಿಯೊಳಗಿನ ನೀರು ಉಳಿಯಿತು, ತೂಕಕ್ಕೆ ಅದು ಇಳಿಯಿತು. ಆಗ ನೀರು ಎತ್ತುವುದನ್ನು ನಿಲ್ಲಿಸಬೇಕು. ಎರಿ ಮಣ್ಣಿನ ಏರಿಯಲ್ಲಿ ದಿನಕ್ಕೆ 30 ಸೆಂ.ಮೀಗಿಂತ ಹೆಚ್ಚು ಇಳಿಸದಿರುವುದು ಕ್ಷೇಮ. ಇಳಿಜಾರು ಒಳಮೈಗೆ 3ಕ್ಕೆ 1, ಹೊರಮೈಗೆ 2.5ಕ್ಕೆ 1 ಇಲ್ಲದ ಎರಿ ಏರಿ ಒಂದಲ್ಲ ಒಂದು ವರ್ಷ ಜಾರುತ್ತದೆ.

ಕೋಡಿ

ಕೋಡಿಯ ದೋಷ ಒಣ ದಿನಗಳಲ್ಲಿ ಕಾಣುವುದಿಲ್ಲ. ನಮ್ಮ ಕಡೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ, ಕೆರೆ ಮೊದಲೇ ತುಂಬಿ ನೆಲ ನೆನೆದಿರುವಾಗ, ಹಿಂಗಾರಿ ಮಳೆ ಹೊಡೆಯುತ್ತದೆ. 2009ರ ಅಕ್ಟೋಬರ್ ಆರಂಭದ ನೆರೆ ಬಂದದ್ದೂ ಹಾಗೆಯೇ. ಮಣ್ಣಿನ ಏರಿಯ ನೆತ್ತಿಯ ಮೇಲೆ ನೀರು ಹರಿಯತೊಡಗಿದರೆ ಉಳಿಸುವ ದಾರಿ ಬಹುತೇಕ ಇಲ್ಲ.

ಅಳತೆ ಸಾಕೇ ನೋಡಿ. ಜಲಾನಯನ 40 ಹೆಕ್ಟೇರ್, ಮಳೆಯ ತೀವ್ರತೆ ಗಂಟೆಗೆ 75 ಮಿ.ಮೀ, ಅರ್ಧದಷ್ಟು ನೀರು ಹರಿದುಬರುತ್ತದೆ ಎಂದು ಹಿಡಿದರೆ 0.5 × 75 × 40 ÷ 360, ಅಂದರೆ ಸೆಕೆಂಡಿಗೆ ಸುಮಾರು 4.2 ಘನ ಮೀಟರ್. ಅಗಲ ಕೋಡಿಯ ಮೇಲೆ ಅರ್ಧ ಮೀಟರ್ ಎತ್ತರ ಹರಿದರೆ ಮೀಟರ್ ಅಗಲಕ್ಕೆ 0.6 ಘನ ಮೀಟರ್ ದಾಟುತ್ತದೆ. ಹಾಗಾಗಿ ಕೋಡಿ 7 ಮೀಟರ್ ಅಗಲ ಬೇಕು. ಆಗಲೂ ನೀರಿಗೂ ನೆತ್ತಿಗೂ ನಡುವೆ 1 ಮೀಟರ್ ಉಳಿಯಬೇಕು, ಅಂದರೆ ಕೋಡಿಯ ಮಟ್ಟ ನೆತ್ತಿಗಿಂತ 1.5 ಮೀಟರ್ ಕೆಳಗೆ. ಭಾರತೀಯ ಮಾನಕ 11223ರ ಪ್ರಕಾರ ಸಣ್ಣ ಅಣೆಕಟ್ಟಿಗೆ 100 ವರ್ಷಕ್ಕೊಮ್ಮೆ ಬರುವ ನೆರೆ ಹಿಡಿಯಬೇಕು. ಆ ಪಟ್ಟಿ ಶುರುವಾಗುವುದೇ 5 ಲಕ್ಷ ಘನ ಮೀಟರಿನಿಂದ. ಹೊಲದ ಏರಿ ಅದಕ್ಕಿಂತ ಚಿಕ್ಕದು, ಆದರೆ ಒಡೆದರೆ ಹಾನಿ ವಿಶೇಷವಾಗಿ ಹೆಚ್ಚಿದ್ದಲ್ಲಿ ದೊಡ್ಡ ನೆರೆ ಹಿಡಿಯಬಹುದು ಎಂಬ ಮಾತೂ ಅದೇ ಮಾನಕದಲ್ಲಿದೆ. ಕೆಳಗೆ ಮನೆ ಇದ್ದರೆ ಮೇಲಿನ ಲೆಕ್ಕವನ್ನು ಆರಂಭ ಎಂದಷ್ಟೇ ಹಿಡಿದು ಎಂಜಿನಿಯರಿಂದ ಜಲಲೆಕ್ಕ ಮಾಡಿಸಿ. ಧಾರವಾಡದ ವಾಲ್ಮಿ ಇಂಥ ವಿಷಯದ ತರಬೇತಿ ಸಂಸ್ಥೆ, ಹತ್ತಿರವೇ ಇದೆ.

ಲೆಕ್ಕ ಸರಿಯಿದ್ದ ಕೋಡಿಯನ್ನೂ ಮೂರು ಕೆಲಸಗಳು ಕೆಡಿಸುತ್ತವೆ. ಹಿಂಗಾರಿ ಬೆಳೆಗೆ ನೀರು ಉಳಿಯಲಿ ಎಂದು ಕೋಡಿಗೆ ಉಸುಕಿನ ಚೀಲ ಇಡುವುದು. ಎರಡು ಸಾಲು ಚೀಲ ಇಟ್ಟರೆ 30 ಸೆಂ.ಮೀ ಹೋಯಿತು. ಮೀನು ಹೋಗದಂತೆ ಬಲೆ ಕಟ್ಟುವುದು. ಮೊದಲ ನೆರೆಯಲ್ಲಿ ಬರುವ ಗೋವಿನಜೋಳದ ದಂಟು, ಜಾಲಿ ಕಂಟಿ ಅದಕ್ಕೆ ಸಿಕ್ಕಿ ಬಲೆ ಗೋಡೆಯಾಗುತ್ತದೆ. ಮೀನು ಬೇಕೆಂದರೆ ಬಲೆಯನ್ನು ಕೋಡಿಯ ಬಾಯಿಗಲ್ಲ, ಕೆರೆಯೊಳಗೆ ನಾಲ್ಕೈದು ಪಟ್ಟು ಉದ್ದಕ್ಕೆ ಬಿಲ್ಲಿನಂತೆ ಕಟ್ಟಿ. ಮೂರನೆಯದು ಏರಿಯ ನೆತ್ತಿಯೇ ತಗ್ಗುವುದು. ಗೌಂಡಿಗಳ ನೀರಿನ ಲೆವೆಲ್ ಪೈಪಿನಿಂದ ನೆತ್ತಿಯನ್ನು 10 ಮೀಟರಿಗೊಮ್ಮೆ ಅಳೆಯಿರಿ. ಟ್ರ್ಯಾಕ್ಟರ್ ಓಡಾಡಿದ ಕಡೆ, ಹಳ್ಳದ ಹಳೆಯ ಪಾತ್ರದ ಮೇಲೆ ಒಂದೆರಡು ಗೇಣು ತಗ್ಗಿದ್ದರೆ ನೆರೆ ಅಲ್ಲೇ ದಾಟಿ ಅಲ್ಲೇ ಕೊರೆಯುತ್ತದೆ.

ಕೋಡಿಯ ಕೆಳಗಿನ ಕೊರಕಲು ವರ್ಷದಿಂದ ವರ್ಷಕ್ಕೆ ಮೇಲಕ್ಕೆ ತೆವಳುತ್ತ ಬರುತ್ತದೆ. ಅದು ಕೋಡಿಯ ಕಟ್ಟೆಗೆ 5 ಮೀಟರ್ ಹತ್ತಿರ ಬರುವ ಮೊದಲು ದಪ್ಪ ಕಲ್ಲು ತುಂಬಿ ನಿಲ್ಲಿಸಿ.

ಬಿಲ, ಹುತ್ತ, ಗಿಡ

ಏಡಿ, ಹೆಗ್ಗಣ, ಮುಳ್ಳುಹಂದಿಯ ಬಿಲಗಳನ್ನು ಅಗೆದು ಕೊನೆ ಕಂಡು ದಮ್ಮಸು ಹಾಕಿ ತುಂಬಬೇಕು. ಹುತ್ತ ಏರಿಯ ಮೇಲಿದ್ದರೆ ಅಗೆಯಲು ಜನ ಹಿಂಜರಿಯುವುದು ಸಹಜ, ನಾಗಪ್ಪನಿಗೆ ಹಾಲೆರೆಯುವ ಜಾಗ ಅದು. ಊರ ಹಿರಿಯರ ಜೊತೆ ಮಾತಾಡಿ ಪೂಜೆಯ ಜಾಗವನ್ನು ದಂಡೆಗೆ ಸ್ಥಳಾಂತರಿಸಿ. ಹುತ್ತದ ಕೆಳಗಿನ ಪೊಳ್ಳು ಕೈ ತೋಳಿನಷ್ಟು ದಪ್ಪ ಹೋಗಿರುತ್ತದೆ, ಬಿಡುವಂಥದ್ದಲ್ಲ. ಬಳ್ಳಾರಿ ಜಾಲಿ, ಬೇವು, ನೀಲಗಿರಿಯನ್ನು ಸಣ್ಣದಿರುವಾಗಲೇ ಬೇರು ಸಮೇತ ಕೀಳಿ. ದೊಡ್ಡ ಮರವನ್ನು ಬುಡಕ್ಕೆ ಕಡಿದು ಬಿಟ್ಟರೆ ಬೇರು ಕೊಳೆತು ಅದೇ ನೀರಿನ ಕೊಳವೆಯಾಗುತ್ತದೆ. ಕೆರೆ ತುಂಬಿದಾಗ ಬೇಡ, ಬೇಸಿಗೆಯಲ್ಲಿ ಬೆರಳು ದಪ್ಪದ ಬೇರಿನವರೆಗೆ ತೆಗೆದು ಗುಂಡಿಯನ್ನು ಪದರ ಪದರವಾಗಿ ತುಂಬಿ. ಏರಿಗೆ ಕರಿಕೆಯೊಂದೇ ಸಾಕು.

ಎಷ್ಟು ಬೇಗ ಕೈಹಾಕಬೇಕು

ಕಡಿಮೆ ವರ್ಗದ ಏರಿಯಲ್ಲಿ ತಿಳಿನೀರಿನ ಸ್ಥಿರ ಸೋರಿಕೆ ಇದ್ದರೆ ವಾರಕ್ಕೊಮ್ಮೆ ಅಳೆದು ಬೇಸಿಗೆಯಲ್ಲಿ ದುರಸ್ತಿ. ಮಧ್ಯಮ ವರ್ಗದಲ್ಲಿ ಅದೇ ಸೋರಿಕೆಗೆ ಸೋಸು ಪದರ ಆ ವಾರವೇ ಬೇಕು, ಅಳತೆ ದಿನಕ್ಕೊಮ್ಮೆ. ಹೆಚ್ಚು ಅಪಾಯದ ವರ್ಗದಲ್ಲಿ ಮಟ್ಟವನ್ನು ಒಂದು ಮೀಟರ್ ಇಳಿಸಿಯೇ ಪತ್ತೆ ಶುರುಮಾಡಿ. ಕದಡಿದ ನೀರು, ಪೈಪಿನ ಹೊರಸುತ್ತಿನ ಸೋರಿಕೆ, ಅಡ್ಡ ಬಿರುಕು, ಹೊಸ ತೆಗ್ಗು ಕಂಡರೆ ವರ್ಗ ಯಾವುದೇ ಇರಲಿ ಅದು ತುರ್ತು. ವರ್ಗ ನೋಡಿ ನಿರ್ಧರಿಸಬೇಕಾದದ್ದು ಒಂದೇ: ಏರಿಗೆ ಮೊದಲು ಓಡಬೇಕೋ, ಕೆಳಗಿನ ಮನೆಗಳಿಗೋ. ಹೆಚ್ಚು ಅಪಾಯದ ವರ್ಗದಲ್ಲಿ ಮನೆಗಳಿಗೆ. ಒಬ್ಬರು ಮನೆಮನೆಗೆ ಹೋಗಲಿ, ಒಬ್ಬರು 112ಕ್ಕೂ ಜಿಲ್ಲಾ ನಿಯಂತ್ರಣ ಕೊಠಡಿಯ 1077ಕ್ಕೂ ಫೋನ್ ಮಾಡಲಿ, ಉಳಿದವರು ಏರಿಗೆ ಬರಲಿ. ಕೆಳಗಿನ ಮನೆಗಳ ಫೋನ್ ನಂಬರುಗಳು ಮೊದಲೇ ಗೋಡೆಯ ಮೇಲೆ ಬರೆದಿರಬೇಕು.

ನೀರು ಇಳಿಸಲು ಪಂಪನ್ನೇ ನಂಬಬೇಡಿ. ಮೇಲಿನ ಉದಾಹರಣೆಯ ಕೆರೆಯಲ್ಲಿ ಮೇಲಿನ ಒಂದು ಮೀಟರ್ ಎಂದರೆ ಹತ್ತಿರ ಹತ್ತಿರ 10,000 ಘನ ಮೀಟರ್. ಸೆಕೆಂಡಿಗೆ 10 ಲೀಟರ್ ಎತ್ತುವ ಪಂಪಿಗೆ ಅದು ಹನ್ನೊಂದು-ಹನ್ನೆರಡು ದಿನದ ಕೆಲಸ, ಅದೂ ಕರೆಂಟು ಹೋಗದಿದ್ದರೆ. 160 ಮಿ.ಮೀ ಪೈಪಿನ ಸೈಫನ್ (ಏರಿಯ ಮೇಲೆ ಹಾಯಿಸಿದ, ಪಂಪಿಲ್ಲದೆ ತಾನೇ ನೀರೆಳೆಯುವ ಪೈಪು) ಒಂದಕ್ಕೆ 4 ಮೀಟರ್ ಇಳಿತ ಸಿಕ್ಕರೆ ಸೆಕೆಂಡಿಗೆ ಸುಮಾರು 40 ಲೀಟರ್ ಬರುತ್ತದೆ. ಎರಡು ಪೈಪಿಗೆ ಒಂದೂವರೆ ದಿನ ಸಾಕು. ಪೈಪಿನ ಎರಡೂ ತುದಿ ಮುಚ್ಚಿ, ನೆತ್ತಿಯ ಮೇಲಿನ ಟೀ (T ಆಕಾರದ ಜೋಡಣೆ) ಬಾಯಿಯಿಂದ ನೀರು ತುಂಬಿ ಅದನ್ನು ಬಿಗಿದು, ನಂತರ ಎರಡೂ ತುದಿ ಬಿಡಿ. ಒಳತುದಿ ನೀರಿನ ಮಟ್ಟಕ್ಕಿಂತ ಕನಿಷ್ಠ ಮೂರಡಿ ಕೆಳಗಿರಲಿ, ಗಾಳಿ ಎಳೆದರೆ ನಿಂತುಬಿಡುತ್ತದೆ. ಹೊರತುದಿಯ ನೀರು ಏರಿಯ ಬುಡಕ್ಕೆ ಬೀಳದೆ ಹಳ್ಳಕ್ಕೆ ಹೋಗಲಿ. ಇನ್ನೂ ಬೇಗ ಬೇಕಾದರೆ ಕೋಡಿಯ ಬದಿಯ ಹುಟ್ಟುನೆಲದಲ್ಲಿ, ಗಟ್ಟಿ ಗರಸು ಅಥವಾ ಬಂಡೆ ಇರುವ ಕಡೆ ಕಾಲುವೆ ಕಡಿಯಿರಿ. ಹಾಕಿದ ಮಣ್ಣಿನ ಏರಿಯನ್ನು ಎಂದೂ ಕಡಿಯಬಾರದು; ಗುದ್ದಲಿಯಲ್ಲಿ ತೆಗೆದ ಅರ್ಧ ಅಡಿ ಗಟಾರು ಅರ್ಧ ತಾಸಿನಲ್ಲಿ ಏರಿಯನ್ನೇ ಒಯ್ಯುತ್ತದೆ.

ಹೀಗೆ ತುರ್ತಿನಲ್ಲಿ ಇಳಿಸುವಾಗ ದಿನಕ್ಕೆ 30 ಸೆಂ.ಮೀ ಎಂಬ ಮಿತಿ ಮೀರಲೇಬೇಕಾಗುತ್ತದೆ, ಒಳಮೈ ಜಾರಬಹುದು. ಒಡೆಯುವುದಕ್ಕಿಂತ ಜಾರುವುದು ಲೇಸು, ಜಾರಿದ್ದನ್ನು ಬೇಸಿಗೆಯಲ್ಲಿ ಕಟ್ಟಬಹುದು. ಇಳಿಸಿದ ನೀರನ್ನು ದೋಷದ ಕಾರಣ ಸಿಗುವವರೆಗೆ ಮತ್ತೆ ಏರಲು ಬಿಡಬೇಡಿ, ಸೋರಿಕೆ ನಿಂತಂತೆ ಕಂಡರೂ ಸೈಫನ್ ಜಾಗದಲ್ಲೇ ಇರಲಿ. ಅಗೆದು ಮಾಡುವ ದುರಸ್ತಿ ಬಸವ ಜಯಂತಿಯ ಹೊತ್ತಿಗೆ ಮುಗಿದಿರಬೇಕು, ಕಾರಹುಣ್ಣಿವೆಯ ನಂತರ ತೆರೆದ ಗುಂಡಿ ಏರಿಯಲ್ಲಿ ಉಳಿಯಬಾರದು.